ಪದ ಪರಿಚಯ: ತಂತ್ರಜ್ಞಾನ ಮುನ್ನೋಟ ಮತ್ತು ಮೌಲ್ಯಮಾಪನ

ಕಾಸರಗೋಡಿನ ಗೇರುಗುಡ್ಡೆಗಳ ಮೇಲೆ 1970ರ ದಶಕದ ಕೊನೆಯಲ್ಲಿ ಹೆಲಿಕಾಪ್ಟರಿನಿಂದ ಕೀಟನಾಶಕದ ಮದ್ದು ಬಿಡಲು ತೊಡಗಿದಾಗ ಎದುರಿಗಿದ್ದ ಪ್ರಶ್ನೆ ಸರಳವಾಗಿತ್ತು: ಗೇರನ್ನು ಕಾಡುವ ಟೀ ಸೊಳ್ಳೆ ಎಂಬ ಕೀಟ ಸಾಯುತ್ತದೆಯೇ? ಎಂಡೋಸಲ್ಫಾನ್ ಎಂಬ ಆ ಮದ್ದಿಗೆ ಅದು ಸಾಯುತ್ತಿತ್ತು. ಆದರೆ ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಊರಿನಲ್ಲಿ ಗೇರು ಗುಡ್ಡೆಯ ಮೇಲಿದೆ. ಮನೆ, ದನದ ಹಟ್ಟಿ, ಅಡಿಕೆ ತೋಟ, ನೀರು ಹರಿಯುವ ತೋಡು, ಗುಡ್ಡೆ ಕೊರೆದು ತೆಗೆದ ಸುರಂಗದ ನೀರು ಎಲ್ಲ ಕೆಳಗಿವೆ. ಮೇಲೆ ಬಿಟ್ಟದ್ದು ಮಳೆಗೆ ಎಲ್ಲಿಗೆ ಇಳಿಯುತ್ತದೆ, ಇಪ್ಪತ್ತು ವರ್ಷ ಬಿಟ್ಟರೆ ಏನಾದೀತು, ಬೇರೆ ದಾರಿ ಇದೆಯೇ? ಇಂಥ ಪ್ರಶ್ನೆಗಳನ್ನು ನಿರ್ಧಾರಕ್ಕೆ ಮೊದಲೇ, ಕ್ರಮವಾಗಿ, ಹಲವರನ್ನು ಕೂಡಿಸಿಕೊಂಡು ಕೇಳುವುದೇ ತಂತ್ರಜ್ಞಾನ ಮುನ್ನೋಟ. ನಿರ್ಧಾರ ಜಾರಿಗೆ ಬಂದ ಮೇಲೆ ನಿಜವಾಗಿ ಆದದ್ದೇನು ಎಂದು ಅಳೆದು, ಅಳತೆಗೆ ತಕ್ಕಂತೆ ನೀತಿಯನ್ನು ತಿದ್ದುವುದು ಮೌಲ್ಯಮಾಪನ.

ಮುನ್ನೋಟದ ಹೆಸರಾಂತ ವಿಧಾನ ಡೆಲ್ಫಿ. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ 1950ರ ದಶಕದಲ್ಲಿ ರೂಪುಗೊಂಡದ್ದು. ತಜ್ಞರಿಗೆ ಪ್ರಶ್ನಾವಳಿ ಕಳುಹಿಸುತ್ತಾರೆ. ಬಂದ ಉತ್ತರಗಳ ಸಾರವನ್ನು ಹೆಸರು ಹೇಳದೆ ಎಲ್ಲರಿಗೂ ತೋರಿಸಿ ಮತ್ತೊಂದು ಸುತ್ತು ಕೇಳುತ್ತಾರೆ. ಹಿರಿಯ ವಿಜ್ಞಾನಿಯ ಮಾತಿಗೆ ಕಿರಿಯರು ಹೂಂಗುಟ್ಟಬೇಕಾದ ಮುಲಾಜು ಅಲ್ಲಿಲ್ಲ. ಜಪಾನ್ 1971ರಿಂದ ಇಂಥ ಸಮೀಕ್ಷೆಗಳನ್ನು ಬಿಡದೆ ನಡೆಸಿಕೊಂಡು ಬಂದಿದೆ. ನಮ್ಮಲ್ಲಿ 1988ರಲ್ಲಿ ತಂತ್ರಜ್ಞಾನದ ಮಾಹಿತಿ, ಮುನ್ನೋಟ, ಮೌಲ್ಯಮಾಪನಕ್ಕೆಂದು ಟೈಫ್ಯಾಕ್ ಎಂಬ ಮಂಡಳಿ ಹುಟ್ಟಿತು. ಅಬ್ದುಲ್ ಕಲಾಂ ಅಧ್ಯಕ್ಷತೆಯಲ್ಲಿ 2020ರ ಮುನ್ನೋಟವನ್ನು ಸಿದ್ಧಪಡಿಸಿದ್ದು ಅದೇ. 2035ರ ಮುನ್ನೋಟ 2016ರ ಜನವರಿಯಲ್ಲಿ ಮೈಸೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಬಿಡುಗಡೆಯಾಯಿತು. ತಂತ್ರಜ್ಞಾನದ ಒಳಿತು ಕೆಡುಕುಗಳನ್ನು ಮುಂದಾಗಿ ತೂಗಿ ಹೇಳಲೆಂದೇ ಅಮೆರಿಕದ ಸಂಸತ್ತು 1972ರಲ್ಲಿ ಕಾಯ್ದೆ ಮಾಡಿ ಕಚೇರಿ ತೆರೆದಿತ್ತು. 1995ರಲ್ಲಿ ಹಣ ನಿಲ್ಲಿಸಿ ಬಾಗಿಲು ಹಾಕಿತು. ಅಡ್ಡಪ್ರಶ್ನೆ ಕೇಳುವ ಕಚೇರಿಗಳಿಗೆ ಇಂಥ ಗತಿ ಬರುವುದುಂಟು.

ಡೆಲ್ಫಿಯ ಮೇಲೆ ನನ್ನದೊಂದು ತಕರಾರು ಇದೆ. ಅದು ತಜ್ಞರನ್ನು ಕೇಳುತ್ತದೆ. ಪಡ್ರೆಯಲ್ಲಿ ಮೊದಲು ಗೊತ್ತಾದದ್ದು ದನ ಸಾಕುವವರಿಗೆ. ಕರುಗಳು ಸೊಟ್ಟ ಕಾಲಿನೊಂದಿಗೆ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀ ಪಡ್ರೆ 1979ರಲ್ಲೇ ಬರೆದಿದ್ದರು. 1990ರ ದಶಕದಲ್ಲಿ ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ಸಣ್ಣ ಪ್ರದೇಶದ ರೋಗಿಗಳಲ್ಲಿ ನರದೌರ್ಬಲ್ಯ, ಬುದ್ಧಿಮಾಂದ್ಯ, ಕ್ಯಾನ್ಸರ್ ವಿಪರೀತವಾಗಿರುವುದನ್ನು ಗುರುತಿಸಿದರು. ಮದ್ದು ಬಿಡುವುದು ನಿಂತದ್ದು 2000ದ ಕೊನೆಯಲ್ಲಿ.

ಈ ವಿಳಂಬವನ್ನು ವಿವರಿಸುವ ಒಂದು ಸೂತ್ರವನ್ನು ಬ್ರಿಟನ್ನಿನ ವಿದ್ವಾಂಸ ಡೇವಿಡ್ ಕಾಲಿಂಗ್‌ರಿಜ್ 1980ರಲ್ಲಿ ಮುಂದಿಟ್ಟರು. ತಂತ್ರಜ್ಞಾನ ಎಳೆಯದಾಗಿರುವಾಗ ಅದನ್ನು ತಿದ್ದುವುದು ಸುಲಭ, ಆದರೆ ಅದರ ಪರಿಣಾಮ ಗೊತ್ತಿರುವುದಿಲ್ಲ. ಪರಿಣಾಮ ಗೊತ್ತಾಗುವ ಹೊತ್ತಿಗೆ ಅದು ಬೇರು ಬಿಟ್ಟಿರುತ್ತದೆ. ಆರಂಭದಲ್ಲಿ ಹೆಲಿಕಾಪ್ಟರನ್ನು ಒಂದು ಕಡತದ ಟಿಪ್ಪಣಿ ತಡೆಯಬಹುದಿತ್ತು. ಮುಂದೆ ಭಾರತವೇ ಎಂಡೋಸಲ್ಫಾನಿನ ಅತಿದೊಡ್ಡ ಉತ್ಪಾದಕನಾಯಿತು, ಕೇಂದ್ರ ಸರಕಾರದ ಕಾರ್ಖಾನೆಯೇ ಕೇರಳದಲ್ಲಿ ಅದನ್ನು ತಯಾರಿಸುತ್ತಿತ್ತು. ಆಗ ಟಿಪ್ಪಣಿಯ ಮಾತು ಯಾರು ಕೇಳುತ್ತಾರೆ?

ಮೌಲ್ಯಮಾಪನ ನಡೆಯಲೇ ಇಲ್ಲ ಎಂದೇನೂ ಅಲ್ಲ. ನಡೆದದ್ದೆಲ್ಲ ತಡವಾಗಿ, ಒಂದರ ಮೇಲೊಂದರಂತೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಶಾಲಾಮಕ್ಕಳನ್ನು ಮೀಂಜ ಪಂಚಾಯತಿನ ಮಕ್ಕಳೊಂದಿಗೆ ಹೋಲಿಸಿ ಎಂಡೋಸಲ್ಫಾನಿನತ್ತ ಬೆರಳು ತೋರಿಸಿತು. ಕೇಂದ್ರ ನೇಮಿಸಿದ ಸಮಿತಿಗಳು ಸಂಬಂಧ ಕಾಣುವುದಿಲ್ಲ ಎಂದವು. ಆ ಜಗಳದಲ್ಲಿ ಪರಿಭಾಷೆಯ ಒಂದು ಮುಖ್ಯ ಅಂಶ ಅಡಗಿದೆ: ಮೊದಲ ಸ್ಥಿತಿಯ ದಾಖಲೆ. ಮದ್ದು ಬಿಡುವುದಕ್ಕೆ ಮೊದಲು ತೋಡಿನ ನೀರು ಹೇಗಿತ್ತು, ಮಕ್ಕಳ ಆರೋಗ್ಯ ಹೇಗಿತ್ತು ಎಂದು ಬರೆದಿಟ್ಟಿದ್ದರೆ ಅದೇ ಊರನ್ನು ಅದೇ ಊರಿನೊಂದಿಗೆ ಹೋಲಿಸಬಹುದು. ಅಂಥ ದಾಖಲೆ ಕೈಯಲ್ಲಿಲ್ಲದಿದ್ದರೆ ಬೇರೆ ಪಂಚಾಯತಿಗೆ ಹೋಗಿ ಮಕ್ಕಳನ್ನು ಹುಡುಕಬೇಕು, ಆ ಹೋಲಿಕೆ ಸರಿಯಲ್ಲ ಎಂದು ಯಾರು ಬೇಕಾದರೂ ವಾದಿಸಬಹುದು. ಕೊನೆಗೆ ತೀರ್ಮಾನ ವಿಜ್ಞಾನ ಇಲಾಖೆಯಿಂದ ಬರಲಿಲ್ಲ. 2011ರ ಏಪ್ರಿಲಿನಲ್ಲಿ, ಬಹುಕಾಲ ಕರಗದೆ ಉಳಿಯುವ ವಿಷಗಳನ್ನು ತಡೆಯಲು ಆದ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟ್ ಉತ್ಪಾದನೆ, ಮಾರಾಟ, ಬಳಕೆಗಳಿಗೆ ತಡೆ ಹಾಕಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ನ್ಯಾಯಾಲಯ ಆದೇಶಿಸಿತು.

ಈಗ ಡ್ರೋನಿನ ಕಾಲ. ಡ್ರೋನಿನಿಂದ ಕೀಟನಾಶಕ ಸಿಂಪಡಿಸುವ ಕ್ರಮವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲೇ ಪ್ರಕಟಿಸಿದೆ. ಡ್ರೋನ್ ಹೆಲಿಕಾಪ್ಟರಲ್ಲ, ತಗ್ಗಿನಲ್ಲಿ ಹಾರುತ್ತದೆ, ಕಡಿಮೆ ಹೊಯ್ಯುತ್ತದೆ, ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಬಿಡಲು ಮರ ಹತ್ತುವವರು ಸಿಗದ ಊರಿಗೆ ಅದು ಬೇಕು ಕೂಡ. ನಾನು ಅದರ ವಿರೋಧಿಯಲ್ಲ. ಆದರೆ ಬೋರ್ಡೋದಲ್ಲಿ ತಾಮ್ರವಿದೆ. ಇವತ್ತಿನ ಬಾವಿ ನೀರಿನಲ್ಲಿ, ತೋಟದ ಮಣ್ಣಿನಲ್ಲಿ ತಾಮ್ರ ಎಷ್ಟಿದೆ ಎಂದು ಪಂಚಾಯತು ಈಗಲೇ ಅಳೆಯಿಸಿ ಇಟ್ಟುಕೊಂಡರೆ ಹತ್ತು ವರ್ಷದ ಮೇಲಿನ ಮೌಲ್ಯಮಾಪನಕ್ಕೆ ಅರ್ಥ ಬರುತ್ತದೆ. ಜನರನ್ನು ಕೇಳುವ ಪ್ರಶ್ನಾವಳಿ ಕನ್ನಡದಲ್ಲಿಯೂ ಅಚ್ಚಾಗಬೇಕು, ಕೇಳಲು ಬರುವವರಿಗೆ ತುಳು ಗೊತ್ತಿರಬೇಕು. ಎಣ್ಮಕಜೆಯಲ್ಲಿ ಹಟ್ಟಿ ನೋಡಿಕೊಳ್ಳುವ ಹೆಂಗಸರಲ್ಲಿ ಅನೇಕರು ಮಲಯಾಳದ ನಮೂನೆ ತುಂಬಲಾರರು.