ಗೇಣು ಅಳೆದು ಕ್ವಾರ್ಟರ್‌ಬ್ಯಾಕ್ ಆರಿಸುವ ಕಥೆ

ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿವರೆಗಿನ ಅಳತೆಗೆ ನಮ್ಮಲ್ಲಿ ಗೇಣು ಅಂತೀವಲ್ಲ, ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆ ಗೇಣಿನ ಮೇಲೆ ಕೋಟಿಗಟ್ಟಲೆ ಡಾಲರ್‌ಗಳ ಮಾತುಕತೆ ನಡೆಯುತ್ತದೆ. ಪ್ರತಿ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಕಾಲೇಜು ಆಟಗಾರರನ್ನು ಎನ್‌ಎಫ್‌ಎಲ್ (ಅಲ್ಲಿನ ವೃತ್ತಿಪರ ಲೀಗ್) ತಂಡಗಳವರ ಮುಂದೆ ನಿಲ್ಲಿಸಿ ಎತ್ತರ, ತೂಕ, 40 ಗಜದ ಓಟ ಎಲ್ಲ ಅಳೆಯುತ್ತಾರೆ. ಒಂಥರಾ ಹೆಣ್ಣು ನೋಡುವ ಶಾಸ್ತ್ರ. ಕ್ವಾರ್ಟರ್‌ಬ್ಯಾಕ್ ಆದರೆ ಗೇಣಿಗೆ ವಿಶೇಷ ಮರ್ಯಾದೆ, ಯಾಕಂದ್ರೆ ಚೆಂಡು ಎಸೆಯುವವನು ಅವನೇ. 2020ರಲ್ಲಿ ಜೋ ಬರೋನ ಗೇಣು 9 ಇಂಚು ಬಂತು. ಅಯ್ಯೋ ಚಿಕ್ಕದಾಯಿತು ಅಂತ ಚರ್ಚೆ ಶುರು. ಹಾಗಾದರೆ ನಿವೃತ್ತಿ ತಗೊಳ್ಳೋದೇ ಒಳ್ಳೇದು ಅನ್ನೋ ಅರ್ಥದಲ್ಲಿ ಆತ ಟ್ವಿಟರ್‌ನಲ್ಲಿ ತಮಾಷೆ ಮಾಡಿದ. ತನ್ನ ಎರಡನೇ ಸೀಸನ್‌ಗೇ ಸಿನ್ಸಿನಾಟಿ ತಂಡವನ್ನು ಸೂಪರ್ ಬೌಲ್‌ಗೆ, ಅಂದ್ರೆ ಲೀಗ್‌ನ ಫೈನಲ್‌ಗೆ, ಕರೆದುಕೊಂಡು ಹೋದ.

ಗೊತ್ತಿಲ್ಲದವರಿಗೆ ಒಂದು ಮಾತು. ತಂಡಗಳು ಈ ಕಾಲೇಜು ಹುಡುಗರನ್ನು ಆರಿಸಿಕೊಳ್ಳೋದು ಐಪಿಎಲ್ ತರಹ ಹರಾಜಿನಲ್ಲಲ್ಲ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಆಮೇಲೆ ಒಬ್ಬೊಬ್ಬರಾಗಿ, ಸುತ್ತಿನ ಮೇಲೆ ಸುತ್ತು ಆರಿಸುತ್ತಾ ಹೋಗುತ್ತಾರೆ. ಇದೇ ಡ್ರಾಫ್ಟ್. ಸರದಿಯನ್ನು ಬೇರೆ ತಂಡದ ಜೊತೆ ಅದಲುಬದಲು ಮಾಡಿಕೊಳ್ಳಬಹುದು. ಏಪ್ರಿಲ್ ಬಂತು ಅಂದ್ರೆ ಒಂದೇ ಜಗಳ: ಈ ಸಲ ಯಾವ ಕ್ವಾರ್ಟರ್‌ಬ್ಯಾಕ್ ತಗೊಳ್ಳಬೇಕು? ಇವನಾ, ಅವನಾ? ನನ್ನ ಪ್ರಕಾರ ಜಗಳ ಮಾಡೋದ್ರಲ್ಲಿ ತಪ್ಪಿಲ್ಲ. ಇದಕ್ಕೆ ಸರಿ ಉತ್ತರವೊಂದು ಇದೆ, ಇನ್ನೂ ಸ್ವಲ್ಪ ವಿಡಿಯೊ ನೋಡಿದರೆ ಸಿಕ್ಕಿಬಿಡುತ್ತದೆ ಅಂತ ನಂಬೋದೇ ತಪ್ಪು.

1998ರಲ್ಲಿ ಪೇಟನ್ ಮ್ಯಾನಿಂಗ್, ರಯಾನ್ ಲೀಫ್ ಇಬ್ಬರಲ್ಲಿ ಯಾರು ಅಂತ ನಿಜಕ್ಕೂ ಚರ್ಚೆ ಇತ್ತು. ಈಗ ಕೇಳಿದರೆ ನಗು ಬರುತ್ತದೆ. ಮ್ಯಾನಿಂಗ್ ಮೊದಲು ಹೋದ, ಮುಂದೆ ಐದು ಸಲ ಲೀಗ್‌ನ ಅತ್ಯುತ್ತಮ ಆಟಗಾರನಾದ. ಎರಡನೆಯವನಾಗಿ ಹೋದ ಲೀಫ್‌ನ ಇಡೀ ವೃತ್ತಿ 25 ಪಂದ್ಯಕ್ಕೆ ಮುಗಿಯಿತು. ಆದರೆ ಮೊದಲ ಸೀಸನ್‌ನಲ್ಲಿ ಮ್ಯಾನಿಂಗ್‌ನ 28 ಎಸೆತ ಎದುರಾಳಿಗಳ ಕೈ ಸೇರಿದ್ದವು, ತಂಡ 16ರಲ್ಲಿ 3 ಪಂದ್ಯ ಮಾತ್ರ ಗೆದ್ದಿತ್ತು. ಆ ಡಿಸೆಂಬರ್‌ನಲ್ಲಿ ಯಾರಾದರೂ ಇವನೂ ಹೋದ ಅಂದಿದ್ದರೆ ಅವರನ್ನು ಬೈಯೋಕಾಗುತ್ತಾ?

ಯಾಕೆ ಇಷ್ಟು ಕಷ್ಟ? ಮೊದಲನೆಯದು, ಕೆಲಸವೇ ಬೇರೆ. ಚೆಂಡು ಕೈಗೆ ಬಂದ ಮೇಲೆ ಕ್ವಾರ್ಟರ್‌ಬ್ಯಾಕ್‌ಗೆ ಸಿಗೋದು ಸುಮಾರು ಎರಡೂವರೆ ಸೆಕೆಂಡು. ಅಷ್ಟರಲ್ಲಿ ಎದುರಿನ ರಕ್ಷಣೆ ಹೇಗೆ ಹರಡಿಕೊಂಡಿದೆ ನೋಡಬೇಕು, ಮೈಮೇಲೆ ಬೀಳೋಕೆ ಬರುತ್ತಿರುವ ನೂರಿಪ್ಪತ್ತು ಕಿಲೋದವರನ್ನು ನೋಡಿಯೂ ನೋಡದಂತೆ ಇರಬೇಕು, ಓಡುತ್ತಿರುವ ತನ್ನವನು ಇನ್ನೂ ತಿರುಗಿಯೇ ಇಲ್ಲ ಅನ್ನುವಾಗಲೇ ಅವನು ತಿರುಗುವ ಜಾಗಕ್ಕೆ ಚೆಂಡು ಬಿಟ್ಟಿರಬೇಕು. ಕಾಲೇಜಿನಲ್ಲಿ ಎಷ್ಟೋ ಸಲ ತನ್ನವನು ಪೂರ್ತಿ ಒಂಟಿಯಾಗಿ ಸಿಗುತ್ತಾನೆ, ನೋಡಿಕೊಂಡು ಎಸೆದರೂ ನಡೆಯುತ್ತದೆ. ಎನ್‌ಎಫ್‌ಎಲ್‌ನಲ್ಲಿ ನೋಡಿಕೊಂಡು ಎಸೆದರೆ ತಡವಾಯಿತು ಅಂತಲೇ ಲೆಕ್ಕ. ಅಂದ್ರೆ ನಾವು ಯಾವ ಗುಣ ಹುಡುಕುತ್ತಿದ್ದೀವೋ ಅದು ಕಾಲೇಜಿನ ವಿಡಿಯೊದಲ್ಲಿ ಅಷ್ಟಾಗಿ ಕಾಣೋದೇ ಇಲ್ಲ.

ಎರಡನೆಯದು ಲೆಕ್ಕದ ಚಮತ್ಕಾರ. ಸಿಇಟಿಯಲ್ಲಿ ಮೊದಲ 20 ರ‍್ಯಾಂಕ್ ಬಂದವರಲ್ಲಿ ಯಾರು ಒಳ್ಳೆಯ ಎಂಜಿನಿಯರ್ ಆಗುತ್ತಾರೆ ಅಂತ ಅಂಕ ನೋಡಿ ಹೇಳೋಕಾಗುತ್ತಾ? ಅಂಕ ಮುಖ್ಯ ಅಲ್ಲ ಅಂತಲ್ಲ, ಅಲ್ಲಿರುವ ಎಲ್ಲರದ್ದೂ ಜಾಸ್ತಿಯೇ. ಡ್ರಾಫ್ಟ್‌ನ ಮೇಲ್ತುದಿಯಲ್ಲೂ ಹಾಗೇ. ಎಲ್ಲರ ತೋಳೂ ಗಟ್ಟಿ, ಹೆಚ್ಚಿನವರು ಎತ್ತರ. ಉಳಿದ ಸಣ್ಣ ವ್ಯತ್ಯಾಸಕ್ಕಿಂತ ಅದೃಷ್ಟದ ಏರುಪೇರು ದೊಡ್ಡದು.

ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ (2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು ಈ ಥೇಲರ್ ಅವರೇ) ಹಳೆಯ ಡ್ರಾಫ್ಟ್‌ಗಳನ್ನು ಜಾಲಾಡಿದ್ದಾರೆ. ಒಂದೇ ಸ್ಥಾನದಲ್ಲಿ ಆಡುವ, ಒಬ್ಬನ ಹಿಂದೆ ಒಬ್ಬ ಆಯ್ಕೆಯಾದ ಇಬ್ಬರನ್ನು ಹೋಲಿಸಿದರೆ ಮೊದಲು ಆಯ್ಕೆಯಾದವನೇ ಮುಂದೆ ಮೇಲಾಗುವ ಸಾಧ್ಯತೆ ಶೇ. 52. ನಾಣ್ಯ ಚಿಮ್ಮಿದರೆ ಶೇ. 50. ಇಷ್ಟೊಂದು ಸ್ಕೌಟ್‌ಗಳು (ಆಟಗಾರರನ್ನು ಹುಡುಕಿ ಅಳೆಯುವವರು), ಇಷ್ಟೊಂದು ಗೇಣು, ಕೊನೆಗೆ ಲಾಭ ಎರಡು. ಹಾಗಂತ ಸ್ಕೌಟ್‌ಗಳು ದಡ್ಡರಲ್ಲ. ನೂರನೆಯವನಿಗಿಂತ ಮೊದಲನೆಯವನು ಮೇಲು ಅಂತ ಅವರು ಚೆನ್ನಾಗಿಯೇ ಹೇಳುತ್ತಾರೆ. ಅಕ್ಕಪಕ್ಕದ ಇಬ್ಬರಲ್ಲಿ ಯಾರು ಅನ್ನೋದು ಮಾತ್ರ ಅವರ ಕೈಗೂ ಸಿಗೋದಿಲ್ಲ, ಜಗಳ ಇರೋದೂ ಅಲ್ಲೇ.

ಮಾಹಿತಿ ಜಾಸ್ತಿ ಆದರೆ? 1973ರಲ್ಲಿ ಪಾಲ್ ಸ್ಲೋವಿಕ್ ಎಂಬ ಮನೋವಿಜ್ಞಾನಿ ಕುದುರೆ ರೇಸ್ ಪಂಡಿತರಿಗೆ ಮೊದಲು 5 ವಿವರ ಕೊಟ್ಟು ಗೆಲ್ಲುವ ಕುದುರೆ ಹೇಳಿ ಅಂದರು, ಆಮೇಲೆ ವಿವರಗಳನ್ನು 40ರವರೆಗೆ ಏರಿಸಿದರು. ಊಹೆ ಸರಿಯಾಗುವ ಪ್ರಮಾಣ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಪಂಡಿತರ ಧೈರ್ಯ ಮಾತ್ರ ಏರುತ್ತಲೇ ಹೋಯಿತು. 2023ರಲ್ಲಿ ಸಿ.ಜೆ. ಸ್ಟ್ರೌಡ್‌ಗೆ ಒಂದು ಬುದ್ಧಿಚುರುಕಿನ ಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ಬಂದಿದೆ ಅಂತ ಸುದ್ದಿ ಸೋರಿತು, ದೊಡ್ಡ ಗುಲ್ಲೇ ಆಯಿತು. ಅವನಿಗಿಂತ ಮೊದಲು ಬ್ರೈಸ್ ಯಂಗ್‌ನನ್ನು ತಗೊಳ್ಳೋಕೆ ಕ್ಯಾರೊಲೈನಾ ತಂಡ ಮುಂದಿನ ವರ್ಷದ ಮೊದಲ ಸುತ್ತಿನ ಸರದಿಯನ್ನೂ ಷಿಕಾಗೊಗೆ ಕೊಟ್ಟಿತು. ಸ್ಟ್ರೌಡ್ ಆ ವರ್ಷದ ಅತ್ಯುತ್ತಮ ಹೊಸಬನಾದ. ಕ್ಯಾರೊಲೈನಾ 17ರಲ್ಲಿ 15 ಸೋತಿತು, ಕೊಟ್ಟುಬಿಟ್ಟಿದ್ದ ಆ ಸರದಿ ಇಡೀ ಡ್ರಾಫ್ಟ್‌ನ ಮೊದಲ ಸರದಿಯಾಯಿತು.

ಇದಕ್ಕೆ ಯಂಗ್ ಒಬ್ಬನನ್ನೇ ದೂರಬೇಡಿ. ಅದೇ ಹುಡುಗ ಬೇರೆ ಕಡೆ ಬಿದ್ದಿದ್ದರೆ? ಬೀಜ ನೋಡಿದರೆ ಸಾಲದು, ಮಣ್ಣೂ ನೋಡಬೇಕು. ಸ್ಯಾಮ್ ಡಾರ್ನಾಲ್ಡ್ 2018ರಲ್ಲಿ ಮೂರನೆಯವನಾಗಿ ನ್ಯೂಯಾರ್ಕ್ ಜೆಟ್ಸ್‌ಗೆ ಹೋಗಿ ಹೆಸರು ಕೆಡಿಸಿಕೊಂಡ, 2024ರಲ್ಲಿ ಮಿನೆಸೋಟಾದಲ್ಲಿ 14 ಪಂದ್ಯ ಗೆದ್ದ. 2017ರಲ್ಲಿ ಹತ್ತನೆಯವನಾದ ಪ್ಯಾಟ್ರಿಕ್ ಮಹೋಮ್ಸ್‌ನನ್ನು ಕಾನ್ಸಾಸ್ ಸಿಟಿ ಹೆಚ್ಚುಕಡಿಮೆ ಇಡೀ ವರ್ಷ ಬೆಂಚಿನ ಮೇಲೆ ಕೂರಿಸಿ ಕಲಿಸಿತು. ಮೊದಲ ವಾರವೇ ಮೈದಾನಕ್ಕೆ ದೂಡಿದ್ದರೆ ಏನಾಗುತ್ತಿತ್ತೋ, ಹೇಳೋಕೆ ಎರಡನೇ ಮಹೋಮ್ಸ್ ಇಲ್ಲ. ಈ ವಿಜ್ಞಾನದ ಗೋಳೇ ಅದು, ಪ್ರಯೋಗವನ್ನು ಇನ್ನೊಂದು ಸಲ ಮಾಡಿ ನೋಡುವ ಹಾಗಿಲ್ಲ.

ಹಾಗಾದರೆ ಏನು ಮಾಡಬೇಕು? ಥೇಲರ್ ಮತ್ತು ಮ್ಯಾಸಿ ಲೆಕ್ಕದ ಪ್ರಕಾರ ಸರದಿಯಲ್ಲಿ ಮೇಲೆ ಹಾರೋಕೆ ತಂಡಗಳು ಕೊಡುವ ಬೆಲೆ ತೀರಾ ಜಾಸ್ತಿ. ಗುರಿ ಮಸುಕಾಗಿದ್ದರೆ ಒಂದೇ ಕಲ್ಲು ಎಸೆಯೋದಕ್ಕಿಂತ ನಾಲ್ಕು ಎಸೆಯೋದು ಮೇಲು, ಅಷ್ಟೇ.

ಸ್ಯಾನ್ ಫ್ರಾನ್ಸಿಸ್ಕೊ ಒಂದೇ ಕಲ್ಲು ಎಸೆಯಿತು. 2021ರಲ್ಲಿ ಮೂರು ಮೊದಲ ಸುತ್ತಿನ ಸರದಿ ಕೊಟ್ಟು ಮೂರನೇ ಜಾಗಕ್ಕೆ ಏರಿ, ಟ್ರೇ ಲ್ಯಾನ್ಸ್‌ನನ್ನು ತಂದಿತು. ಕಾಲೇಜಿನಲ್ಲಿ ಅವನು ಶುರುವಿನಿಂದ ಆಡಿದ್ದು 17 ಪಂದ್ಯ. 2022ರ ಸೆಪ್ಟೆಂಬರ್‌ನಲ್ಲಿ ಅವನ ಪಾದದ ಗಂಟು ಮುರಿಯಿತು. ಅವನ ಬದಲಿಗೆ ಬಂದವನಿಗೂ ಡಿಸೆಂಬರ್‌ನಲ್ಲಿ ಪೆಟ್ಟಾಯಿತು. ಬೇರೆ ದಾರಿಯಿಲ್ಲದೆ ಬ್ರಾಕ್ ಪರ್ಡಿಯನ್ನು ಇಳಿಸಿದರು. ಆ ವರ್ಷದ ಡ್ರಾಫ್ಟ್‌ನ ಕಟ್ಟಕಡೆಯ ಹುಡುಗ, 262ನೆಯವನು. ಮುಂದಿನ ಸೀಸನ್‌ನಲ್ಲಿ ಅವನು ತಂಡವನ್ನು ಸೂಪರ್ ಬೌಲ್‌ವರೆಗೆ ಕರೆದೊಯ್ದ. ಎಂಥ ಕಣ್ಣು ಇವರದ್ದು, ಕಸದಲ್ಲಿ ರಸ ಕಂಡರು ಅಂತ ಹೊಗಳಿದವರಿದ್ದಾರೆ. 2022ರ ಆ ಡ್ರಾಫ್ಟ್‌ನಲ್ಲಿ ಇದೇ ತಂಡ ಪರ್ಡಿಗಿಂತ ಮೊದಲು ಬೇರೆ ಎಂಟು ಜನರನ್ನು ಆರಿಸಿತ್ತು.