ನಡೆಯುವವರಿಗೆ ಕೊಟ್ಟ ಬೆಳಕು: ಬೈಬಲಿನ ಒಂದು ಪದದ ಹಿನ್ನೆಲೆ

ಬೈಬಲಿನಲ್ಲಿ ಬೆಳಕೆಂದರೆ ಜ್ಞಾನ ಎನ್ನುವವರಿದ್ದಾರೆ, ಅಂತರಂಗದ ಅರಿವು ಎನ್ನುವವರಿದ್ದಾರೆ, ದೇವರೇ ಎನ್ನುವವರೂ ಇದ್ದಾರೆ. ಮೂರಕ್ಕೂ ವಚನ ಸಿಗುತ್ತದೆ. ಬೇರೆ ಬೇರೆ ಶತಮಾನಗಳ ವಚನಗಳನ್ನು ಒಂದೇ ದಾರಕ್ಕೆ ಪೋಣಿಸಿದಲ್ಲೇ ತೊಡಕು ಶುರು.

ಆದಿಕಾಂಡದಲ್ಲಿ ಬೆಳಕು ಹುಟ್ಟುವುದು ಮೊದಲ ದಿನ, ಸೂರ್ಯಚಂದ್ರರು ನಾಲ್ಕನೆಯ ದಿನ. ಅವರ ಹೆಸರನ್ನೂ ಅಲ್ಲಿ ಎತ್ತುವುದಿಲ್ಲ. ಒಂದು ದೊಡ್ಡದು, ಇನ್ನೊಂದು ಚಿಕ್ಕದು, ಅಷ್ಟೆ. ನೆರೆಯ ಬಾಬೆಲಿನವರಿಗೆ ಸೂರ್ಯ ಶಮಾಶ್ ಎಂಬ ದೇವರಾಗಿದ್ದ. ಮೊದಲ ದಿನದ ಬೆಳಕಿಗೆ ಹೀಬ್ರೂವಿನಲ್ಲಿ ‘ಓರ್’, ನಾಲ್ಕನೆಯ ದಿನದವುಗಳಿಗೆ ‘ಮಾಓರ್’. ವಿಮೋಚನಕಾಂಡ 27:20ರಲ್ಲಿ ದೇವರ ಆರಾಧನೆಯ ಗುಡಾರದ ದೀಪಕ್ಕೂ ಇದೇ ಮಾಓರ್. ಹಾಗಾದರೆ ಸೂರ್ಯನೂ ಒಂದು ದೀಪ, ಹಚ್ಚಿದವನು ಬೇರೆ. ಗುಡಾರದ ದೀಪಕ್ಕೆ ಆಲಿವ್ ಕಾಯಿ ಕುಟ್ಟಿ ತೆಗೆದ ಎಣ್ಣೆಯೇ ಬೇಕೆಂಬ ಕಟ್ಟಳೆಯಿದೆ. ಕುಟ್ಟಿದ ಎಣ್ಣೆಯಲ್ಲಿ ಗಸಿ ಕಡಿಮೆ. ಗಸಿಯಿದ್ದರೆ ಬತ್ತಿ ಕರಿಗಟ್ಟಿ ಹೊಗೆಯಾಡುತ್ತದೆ.

ಕೀರ್ತನೆ 119:105ರ ದೀಪ ಕಾಲಿಗೆ ಹಿಡಿದದ್ದು. ಮಣ್ಣಿನ ಹಣತೆಯ ಬೆಳಕು ಕೆಲವು ಹೆಜ್ಜೆಗಷ್ಟೇ ಸಾಕು, ಊರೆಲ್ಲ ಕಾಣುವುದಿಲ್ಲ.

ಯೋಹಾನ 8:12ರಲ್ಲಿ ಯೇಸು ಹೇಳುವ “ನಾನೇ ಲೋಕಕ್ಕೆ ಬೆಳಕು” ಎಂಬ ಮಾತನ್ನು ಅದರ ಜಾಗದಿಂದ ಕಿತ್ತು ಓದುವುದೇ ಹೆಚ್ಚು. ಏಳನೆಯ ಅಧ್ಯಾಯದಿಂದ ನಡೆಯುತ್ತಿರುವುದು ಯೆಹೂದ್ಯರ ಪರ್ಣಶಾಲೆಗಳ ಹಬ್ಬ. ಕ್ರಿ.ಶ. 200ರ ಸುಮಾರಿಗೆ ಬರಹಕ್ಕಿಳಿದ ಮಿಷ್ನಾ ಎಂಬ ಯೆಹೂದಿ ಕಟ್ಟಳೆಗಳ ಸಂಗ್ರಹ ಆ ಹಬ್ಬದ ರಾತ್ರಿಯನ್ನು ವಿವರಿಸುತ್ತದೆ: ಯೆರೂಸಲೇಮಿನ ದೇವಾಲಯದ ಸ್ತ್ರೀಯರ ಅಂಗಳದಲ್ಲಿ ಚಿನ್ನದ ದೀಪಸ್ತಂಭಗಳು, ಒಂದೊಂದರ ತುದಿಗೆ ನಾಲ್ಕು ಚಿನ್ನದ ಬಟ್ಟಲು, ಏಣಿ ಹತ್ತಿ ಎಣ್ಣೆ ಸುರಿಯುವ ಯಾಜಕ ಕುಲದ ಹುಡುಗರು. ಬತ್ತಿಗೆ ಯಾಜಕರ ಹಳೆಯ ಚಲ್ಲಣ, ನಡುಕಟ್ಟುಗಳನ್ನು ಹರಿದು ಬಳಸುತ್ತಿದ್ದರು. ಆ ಬೆಳಕು ಬೀಳದ ಅಂಗಳವೇ ಊರಿನಲ್ಲಿರಲಿಲ್ಲವಂತೆ. ಹಬ್ಬವಾದರೋ ಮರುಭೂಮಿಯ ವಾಸದ ನೆನಪಿನದು. ಅಲ್ಲಿ ರಾತ್ರಿ ಅಗ್ನಿಸ್ತಂಭ ಮುಂದೆ ಹೋಗುತ್ತಿತ್ತು, ಜನ ಹಿಂದೆ ನಡೆಯುತ್ತಿದ್ದರು. “ನನ್ನನ್ನು ಹಿಂಬಾಲಿಸುವವನು ಕತ್ತಲೆಯಲ್ಲಿ ನಡೆಯುವುದಿಲ್ಲ” ಎಂಬ ಮುಂದಿನ ಮಾತು ಆಗ ತಾನಾಗಿ ತೆರೆದುಕೊಳ್ಳುತ್ತದೆ.

ಇಷ್ಟು ಸ್ಪಷ್ಟವಾದ ನಂಟು ಕಾಣದಿರಲು ಕಾರಣ, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಂಗ (7:53–8:11) ನಡುವೆ ಬಂದಿರುವುದು. ಅತಿ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಅದಿಲ್ಲ. ಆ ಪ್ರಸಂಗ ಅಮೂಲ್ಯವೇ. ಆದರೆ ಹಬ್ಬದ ದೀಪಗಳು ಅದರ ಹಿಂದೆ ಮರೆಯಾದವು.

ಆಮೇಲಿನ ದಾರಿ ಉದ್ದ. 325ರಲ್ಲಿ ನಿಕೇಯದಲ್ಲಿ ಕೂಡಿದ ಕ್ರೈಸ್ತ ಬಿಷಪ್‌ಗಳ ಸಭೆ ಕ್ರಿಸ್ತನನ್ನು “ಬೆಳಕಿನಿಂದ ಬಂದ ಬೆಳಕು” ಎಂದಿತು. 1341 ಮತ್ತು 1351ರಲ್ಲಿ ಕಾನ್‌ಸ್ಟಾಂಟಿನೋಪಲಿನ ಸಭೆಗಳು ಯೇಸುವಿನ ಮುಖ ಸೂರ್ಯನಂತೆ ಹೊಳೆದ ರೂಪಾಂತರದ ಬೆಟ್ಟದಲ್ಲಿ ಶಿಷ್ಯರು ಕಂಡ ಬೆಳಕು ಸೃಷ್ಟಿಯಾದದ್ದಲ್ಲ ಎಂದು ತೀರ್ಮಾನಿಸಿದವು. ವಾದ ಸೂಕ್ಷ್ಮವಾದಷ್ಟೂ ಬೆಳಕು ನಡೆಯುವವರ ಕಾಲಬುಡದಿಂದ ಮೇಲೇರಿತು.

ಯೋಹಾನ 1:5ರ ಗಂಟು ಇಂದಿಗೂ ಇದೆ. ಬೆಳಕು ಕತ್ತಲೆಯಲ್ಲಿ ಹೊಳೆಯುತ್ತದೆ ಎನ್ನುತ್ತದೆ ಆ ವಚನ. ಕತ್ತಲೆ ಬೆಳಕನ್ನು ಏನು ಮಾಡಲಿಲ್ಲ? ಗ್ರೀಕಿನ ‘ಕತೆಲಾಬೆನ್’ ಎಂದರೆ ಹಿಡಿಯಿತು. ಮನಸ್ಸಿನಿಂದ ಹಿಡಿದರೆ ತಿಳಿಯುವುದು, ಕೈಯಿಂದ ಹಿಡಿದರೆ ಸೆರೆಹಿಡಿಯುವುದು. ನಮ್ಮ ‘ಗ್ರಹಣ’ಕ್ಕೂ ಈ ಎರಡು ಮುಖಗಳಿವೆ. ಲ್ಯಾಟಿನ್ ಅನುವಾದದ ಪದ ಎರಡಕ್ಕೂ ಒಗ್ಗುತ್ತಿತ್ತು; 1611ರ ಇಂಗ್ಲಿಷ್ ಬೈಬಲನ್ನು ಓದಿದವರು ಅದನ್ನು ತಿಳಿವಳಿಕೆ ಎಂದೇ ಅರ್ಥಮಾಡಿಕೊಂಡರು. ಆದರೆ ಇದೇ ಕ್ರಿಯಾಪದ ಕತ್ತಲೆಯ ಜೊತೆಗೇ 12:35ರಲ್ಲಿ ಮತ್ತೆ ಬರುತ್ತದೆ: ಬೆಳಕಿರುವಾಗಲೇ ನಡೆಯಿರಿ, ಕತ್ತಲೆ ನಿಮ್ಮನ್ನು ಹಿಡಿಯದಿರಲಿ. ಅಲ್ಲಿ ತಿಳಿವಳಿಕೆಯ ಮಾತೇ ಇಲ್ಲ.