ನೆಲ ಎದ್ದಿತೇ, ಅಲೆ ಎಡವಿತೇ?

ಶಾರ್ಟ್‌ವೇವ್‌ನಲ್ಲಿ ರೇಡಿಯೊ ಸಿಲೋನ್ ಕೇಳುತ್ತಿದ್ದವರಿಗೆ ಅಯಾನುಗೋಳ ಉಪಕಾರಿ. ನೂರಾರು ಕಿ.ಮೀ. ಎತ್ತರದಲ್ಲಿ ಬಿಸಿಲು ಎಲೆಕ್ಟ್ರಾನುಗಳನ್ನು ಕಿತ್ತು ಹರಡಿದ ಆ ಪದರಕ್ಕೆ ಬಡಿದೇ ಹಾಡು ಮನೆಗೆ ಇಳಿಯುತ್ತಿತ್ತು. ಅದೇ ಪದರ ಈಗ ಉಪಗ್ರಹಗಳ ರೇಡಾರಿಗೆ ತಲೆನೋವು.

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ, ನಾಸಾ-ಇಸ್ರೊ ಜಂಟಿ ಉಪಗ್ರಹ ನಿಸಾರ್‌ನ ಎಲ್-ಬ್ಯಾಂಡ್ ರೇಡಾರ್ ಅಲೆಯ ಉದ್ದ 24 ಸೆಂ.ಮೀ. ಮೂರು ತಿಂಗಳು ಮೊದಲೇ ಹೋದ ಯುರೋಪಿನ ಉಪಗ್ರಹ ಬಯೋಮಾಸ್‌ನದು ಸುಮಾರು 70. ಗಿಡ್ಡ ಅಲೆ ಎಲೆಗೇ ತಾಗಿ ಮರಳುತ್ತದೆ; ಉದ್ದನೆಯದು ಸೊಪ್ಪು ದಾಟಿ ಕೊಂಬೆ, ಕಾಂಡ, ನೆಲ ಮುಟ್ಟುತ್ತದೆ. ಆದರೆ ಕಾಡಿನೊಳಗೆ ನುಗ್ಗಬಲ್ಲ ಅಲೆಯನ್ನೇ ಎಲೆಕ್ಟ್ರಾನುಗಳು ಹೆಚ್ಚು ಕಾಡುವುದು.

ಒಂದು ಚದರ ಮೀಟರ್ ಅಗಲದ ಆಕಾಶಕಂಬದಲ್ಲಿ 1ರ ಮುಂದೆ 16 ಸೊನ್ನೆಯಷ್ಟು ಎಲೆಕ್ಟ್ರಾನುಗಳಿದ್ದರೆ ಅದು ಲೆಕ್ಕದ ಒಂದು ಘಟಕ. ನಮ್ಮ ಮಧ್ಯಾಹ್ನದ ಆಕಾಶದಲ್ಲಿ ಇಂಥ ಹತ್ತಾರು ಇರುತ್ತವೆ. ಎರಡು ಸಲ ಚಿತ್ರ ತೆಗೆಯುವ ನಡುವೆ ಒಂದೇ ಒಂದು ಘಟಕ ಹೆಚ್ಚಿದರೂ ನಿಸಾರ್ ಕಣ್ಣಿಗೆ ನೆಲ ಸುಮಾರು 25 ಸೆಂ.ಮೀ. ಹತ್ತಿರ ಬಂದಂತೆ ಕಾಣುತ್ತದೆ. ಅದು ಅಳೆಯಹೊರಟಿರುವುದೋ ಒಂದೆರಡು ಸೆಂಟಿಮೀಟರಿನ ಕದಲಿಕೆ! ಚಿತ್ರದ ತುಂಬ ಸಮನಾಗಿ ಹೆಚ್ಚಿದರೆ ಚಿಂತೆಯಿಲ್ಲ. ಒಂದು ಕಡೆ ಹೆಚ್ಚಿ ಇನ್ನೊಂದು ಕಡೆ ಇಳಿದರೆ ಇಲ್ಲದ ಕುಸಿತ ಮೂಡಿಬಿಡುತ್ತದೆ.

ಮದ್ದು ರೋಗದೊಳಗೇ ಇದೆ. ನನಗೆ ಹಿಡಿಸಿದ್ದು ಇದೇ. ನೆಲ ನಿಜಕ್ಕೂ ಕದಲಿದ್ದರೆ ಎಲ್ಲ ಆವರ್ತನಗಳೂ ಒಂದೇ ದೂರ ಹೇಳಬೇಕು. ಎಲೆಕ್ಟ್ರಾನುಗಳ ಕಿತಾಪತಿಯಾದರೆ ಆವರ್ತನ ಅರ್ಧಕ್ಕಿಳಿದಾಗ ತಪ್ಪು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ನಿಸಾರ್ ಮುಖ್ಯ ಆವರ್ತನಪಟ್ಟಿಯಿಂದ ತುಸು ದೂರದಲ್ಲಿ ಇನ್ನೊಂದು ಕಿರುಪಟ್ಟಿಯಲ್ಲೂ ಅಳೆಯುತ್ತದೆ. ಇಬ್ಬರು ಸಾಕ್ಷಿಗಳ ಮಾತು ಎಷ್ಟು ಬೇರೆಯಾಯಿತೋ ಅಷ್ಟರಿಂದ ಅಯಾನುಗೋಳದ ಪಾಲನ್ನು ಲೆಕ್ಕಹಾಕಿ ಕಳೆಯಬಹುದು.

ಬಯೋಮಾಸ್‌ಗೆ ಇನ್ನೊಂದು ಪೀಡೆ, ಫ್ಯಾರಡೆ ತಿರುಚು. ಭೂಮಿಯ ಕಾಂತಕ್ಷೇತ್ರದಲ್ಲಿರುವ ಎಲೆಕ್ಟ್ರಾನುಗಳು ಅಲೆ ಕಂಪಿಸುವ ದಿಕ್ಕನ್ನೇ ತಿರುಗಿಸುತ್ತವೆ. ಅಡ್ಡಲಾಗಿ ಕಳಿಸಿ ನೆಟ್ಟಗೆ ಪಡೆದ ಸಂಕೇತವೂ ನೆಟ್ಟಗೆ ಕಳಿಸಿ ಅಡ್ಡಲಾಗಿ ಪಡೆದದ್ದೂ ಸಮ ಇರಬೇಕು. ಇಲ್ಲದಿದ್ದರೆ ಆ ವ್ಯತ್ಯಾಸವೇ ತಿರುಚಿನ ಅಳತೆ.

ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿಯೇ ಹಾದುಹೋಗುತ್ತದೆ. 1963ರಲ್ಲಿ ರಾಕೆಟ್ ಹಾರಿಸಲು ಕೇರಳದ ‘ತುಂಬಾ’ ಎಂಬ ಊರನ್ನು ಆರಿಸಿದ್ದೂ ಅದಕ್ಕೇ. ಇಲ್ಲಿ ಕಾಂತರೇಖೆಗಳು ಬಹುಮಟ್ಟಿಗೆ ಮಲಗಿರುವುದರಿಂದ ತಿರುಚಾಟ ಕಡಿಮೆ. ಆದರೆ ಹೊತ್ತು ಮುಳುಗಿದ ಮೇಲೆ ಅಯಾನುಗೋಳದ ತಳದಿಂದ ಎಲೆಕ್ಟ್ರಾನು ವಿರಳವಾದ ಗುಳ್ಳೆಗಳೆದ್ದು ಚಿತ್ರದ ಮೇಲೆ ಗೀರು ಎಳೆಯುತ್ತವೆ. ಎರಡೂ ಉಪಗ್ರಹಗಳು ನಮ್ಮ ಮೇಲೆ ಹಾದುಹೋಗುವುದು ಬೆಳಗ್ಗೆ, ಸಂಜೆ ಆರರ ಆಸುಪಾಸಿನಲ್ಲಿ. ಸಂಜೆಯ ಸರದಿ ಮುಗಿಯುವಾಗ ಗುಳ್ಳೆಗಳು ಸಾಮಾನ್ಯವಾಗಿ ಇನ್ನೂ ಎದ್ದಿರುವುದಿಲ್ಲ.